ಹಿತ್ತಿಲಲ್ಲಿ ಸಿಕ್ಕ ಅರ್ಧ ಲಾಳ

ಮೇ ತಿಂಗಳು ಬಂತೆಂದರೆ ಮ್ಯಾಸಚೂಸೆಟ್ಸಿನ ನಮ್ಮವರೆಲ್ಲ ಗುದ್ದಲಿ ಹಿಡಿಯುತ್ತಾರಷ್ಟೆ! ನಾವೂ ಮೆಂತ್ಯ, ಟೊಮ್ಯಾಟೊ ಹಾಕಲು ಹಿತ್ತಿಲು ಅಗೆಯುತ್ತಿದ್ದಾಗ ತುಕ್ಕು ಹಿಡಿದ ತುಂಡೊಂದು ಸಿಕ್ಕಿತು. ಅಂಗೈಯಷ್ಟು ಉದ್ದ, ಒಂದು ತುದಿ ಅಗಲ, ಇನ್ನೊಂದು ಸಣ್ಣ. ಅಲ್ಪವಿರಾಮದ ಹಾಗೆ ಬಾಗಿದೆ. ಒಂದು ಅಂಚಿನಲ್ಲಿ ಸಾಲಾಗಿ ತೂತುಗಳು. ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ಗಟ್ಟಿಯಾಗಿ ಅಂಟಿತು, ಅಂದರೆ ಕಬ್ಬಿಣ. ಮಗ "ಕಡಲುಗಳ್ಳರ ಕತ್ತಿ" ಎಂದ. ಪಕ್ಕದ ಮನೆಯವರು ಹಳೇ ಬಾಗಿಲಿನದಿರಬಹುದು ಎಂದರು.

ಆಗ ನಮ್ಮ ಮಾವನವರು ಬಂದು ಮೂರು ವಾರವಾಗಿತ್ತು. ಮಂಡ್ಯ ಕಡೆಯ ರೈತರು. ಇಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ, ಮಾತಿಗೆ ಜನವಿಲ್ಲ. "ಟಿಕೆಟ್ಟು ಬೇಗಕ್ಕೆ ಮಾಡಿಸ್ಕೊಡಮ್ಮ" ಎಂದು ದಿನವೂ ಕೇಳುತ್ತಿದ್ದರು. ತುಂಡನ್ನು ಕೈಗೆ ತೆಗೆದುಕೊಂಡು, ಉಗುರಿನಲ್ಲಿ ಮಣ್ಣು ಕೆರೆದು, "ಇದು ಎತ್ತಿನ ಲಾಳ ಕಣಮ್ಮ. ಇದರ ಜೊತೇದು ಇಲ್ಲೇ ಎಲ್ಲೋ ಇರ್ಬೇಕು" ಎಂದರು.

ಕುದುರೆಯ ಗೊರಸು ಒಂದೇ, ಲಾಳವೂ ಒಂದೇ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆರಡು, ಒಟ್ಟು ಎಂಟು ಬಿಲ್ಲೆ. ಅಮೆರಿಕದಲ್ಲಿ ಎತ್ತೇ ಎಂದು ನನಗೆ ಆಶ್ಚರ್ಯ. ಆದರೆ ಟ್ರ್ಯಾಕ್ಟರಿಗೆ ಮುಂಚೆ ನ್ಯೂ ಇಂಗ್ಲೆಂಡಿನ ಹೊಲ ಉತ್ತದ್ದು, ಕಾಡಿನ ದಿಮ್ಮಿ ಎಳೆದದ್ದು ಹೆಚ್ಚಾಗಿ ಎತ್ತುಗಳೇ. ನಮ್ಮ ರಸ್ತೆಗಳ ಪಕ್ಕ ಕಾಣುವ ಕಲ್ಲುಗೋಡೆಗಳ ಬಂಡೆಗಳನ್ನೂ ಅವೇ ಎಳೆದು ತಂದವು. ಚಳಿಗಾಲದಲ್ಲಿ ಹಿಮಗಡ್ಡೆಯ ಮೇಲೆ ಜಾರದಿರಲು ಲಾಳಕ್ಕೆ ಚೂಪಾದ ಉಬ್ಬುಗಳೂ ಇರುತ್ತಿದ್ದವು.

ಮುಂದಿನ ಶನಿವಾರ ಓಲ್ಡ್ ಸ್ಟರ್ಬ್ರಿಜ್ ವಿಲೇಜ್‌ಗೆ ಹೋದೆವು. 1830ರ ದಶಕದ ಹಳ್ಳಿಬದುಕನ್ನು ಹಾಗೇ ತೋರಿಸುವ ಈ ಮ್ಯೂಸಿಯಂ 1946ರಲ್ಲಿ ಶುರುವಾದದ್ದು. ಎತ್ತುಗಳೂ ಇವೆ, ಕುಲುಮೆಯೂ ಇದೆ. ಕಮ್ಮಾರರು ಲಾಳ ನೋಡಿ ತಲೆಯಾಡಿಸಿದರು: ಹೌದು, ಎತ್ತಿನದೇ. ಎತ್ತು ಮೂರು ಕಾಲಿನ ಮೇಲೆ ಸುಲಭವಾಗಿ ನಿಲ್ಲಲಾರದು, ಆದ್ದರಿಂದ ಇಲ್ಲಿಯವರು ಮರದ ಚೌಕಟ್ಟಿನಲ್ಲಿ ಪಟ್ಟಿ ಕಟ್ಟಿ ಅದನ್ನು ಎತ್ತಿ ಹಿಡಿಯುತ್ತಿದ್ದರಂತೆ. ಮಾವ ನಕ್ಕರು. ನಮ್ಮಲ್ಲಿ ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲೂ ಕೂಡಿಸಿ ಕಟ್ಟುವುದನ್ನು ಅಭಿನಯಿಸಿಯೇ ತೋರಿಸಿದರು. ನಾನು ಅನುವಾದ ಮಾಡುವ ಮೊದಲೇ ಕಮ್ಮಾರರಿಗೆ ಅರ್ಥವಾಗಿತ್ತು!

ವಾಪಸು ಬರುವಾಗ ಕಾರಿನಲ್ಲಿ, ತಮ್ಮ ಕೊನೆಯ ಹಳ್ಳಿಕಾರ್ ಜೋಡಿಯನ್ನು ಮಾರಿದ ದಿನ ಊಟ ಮಾಡಲಿಲ್ಲ ಎಂದರು. ಮದುವೆಯಾಗಿ ಹದಿನಾಲ್ಕು ವರ್ಷ, ನನ್ನ ಯಜಮಾನರಿಗೂ ಅದು ಗೊತ್ತಿರಲಿಲ್ಲ.

ನೀವೂ ಅಗೆಯುವವರಿದ್ದರೆ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿ. ಗ್ಯಾಸ್, ವಿದ್ಯುತ್ ಲೈನ್ ಎಲ್ಲಿದೆಯೆಂದು ಬಿಟ್ಟಿಯಾಗಿ ಗುರುತು ಹಾಕಿಸುತ್ತಾರೆ. ಹಳೇ ಕಬ್ಬಿಣ ಸಿಕ್ಕರೆ ನೀರಲ್ಲಿ ನೆನೆಸಬೇಡಿ, ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ. ಶರತ್ಕಾಲದ ಜಾತ್ರೆಗಳಲ್ಲಿ ಇಲ್ಲಿ ಇಂದಿಗೂ ಎತ್ತುಗಳಿಂದ ಭಾರ ಎಳೆಸುವ ಪಂದ್ಯ ನಡೆಯುತ್ತದೆ. ಊರಿಂದ ಹಿರಿಯರು ಬಂದಿದ್ದರೆ ಕರೆದುಕೊಂಡು ಹೋಗಿ. ನಮ್ಮ ಮಾವ ಟಿಕೆಟ್ಟನ್ನು ಅಕ್ಟೋಬರಿಗೆ ಮುಂದೂಡಿಸಿದ್ದಾರೆ.