ಹಣ್ಣಿನ ರಸವೂ ಜೀವಸತ್ವವೂ

ಇಂಗ್ಲೆಂಡಿನ ತೋಟಗಳಲ್ಲಿ ಬೆಳೆಯುವ ಬ್ಲ್ಯಾಕ್ ಕರಂಟ್ ಎಂಬುದು ಕಪ್ಪುಬಣ್ಣದ, ಹುಳಿಯಾದ, ಪುಟ್ಟ ಹಣ್ಣು. ನೂರು ಗ್ರಾಂ ಹಣ್ಣಿನಲ್ಲಿ ಸುಮಾರು ೧೮೦ ಮಿಲಿಗ್ರಾಂ ಸಿ ಜೀವಸತ್ವವುಂಟು. ಅಷ್ಟೇ ತೂಕದ ಕಿತ್ತಳೆಯಲ್ಲಿರುವುದು ಇದರ ಕಾಲುಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ೧೯೩೯ರಿಂದ ೧೯೪೫ರ ವರೆಗೆ ನಡೆದ ಮಹಾಯುದ್ಧದಲ್ಲಿ ಕಿತ್ತಳೆ ತರುವ ಹಡಗುಗಳ ಸಂಚಾರ ದುಸ್ತರವಾದಾಗ, ಬ್ರಿಟಿಷ್ ಸರ್ಕಾರವು ಈ ಹಣ್ಣಿನ ಪಾನಕವನ್ನು ಎಳೆಯ ಮಕ್ಕಳಿಗೆ ಹಂಚಿತು. ಆದರೆ ಹಣ್ಣಿನಲ್ಲಿರುವುದೆಲ್ಲವೂ ಸೀಸೆಯನ್ನು ಸೇರುವುದೇ? ಸೇರಿದುದು ಅಲ್ಲಿ ಉಳಿಯುವುದೇ? ಶ್ರೋತೃಗಳು ವಿಚಾರಿಸತಕ್ಕ ಪ್ರಶ್ನೆ ಇದು.

ಸಿ ಜೀವಸತ್ವಕ್ಕೆ ಮುಖ್ಯ ಶತ್ರು ಗಾಳಿಯಲ್ಲಿರುವ ಆಮ್ಲಜನಕ. ಇಡಿಯ ಹಣ್ಣಿಗೆ ಸಿಪ್ಪೆಯೇ ಕವಚ. ಹಣ್ಣನ್ನು ಹಿಂಡಿದೊಡನೆ ಈ ಕವಚವು ಒಡೆದು, ರಸಕ್ಕೆ ಗಾಳಿ ತಗಲುತ್ತದೆ. ಹಣ್ಣಿನೊಳಗೇ ಅಡಗಿರುವ ಕಿಣ್ವಗಳು ಈ ನಾಶಕಾರ್ಯಕ್ಕೆ ನೆರವಾಗುತ್ತವೆ. ತಾಮ್ರದ ಪಾತ್ರೆಯ ಸೋಂಕಾದರಂತೂ ನಾಶವು ಮತ್ತಷ್ಟು ತ್ವರಿತವಾಗುತ್ತದೆ. ಶಾಖದ ಪರಿಣಾಮವು ಎರಡು ಬಗೆಯದು: ಅದು ಕಿಣ್ವಗಳನ್ನೂ ಸೂಕ್ಷ್ಮಜೀವಿಗಳನ್ನೂ ಅಡಗಿಸುವುದು ನಿಜ, ಬಹಳ ಹೊತ್ತು ಕುದಿಸಿದರೆ ಜೀವಸತ್ವವನ್ನೂ ಅಳಿಸುವುದು. ಆದುದರಿಂದಲೇ ರಸವನ್ನು ಅಲ್ಪಕಾಲ ಮಾತ್ರ ಕಾಯಿಸಿ, ಕೂಡಲೆ ತಣಿಸುವ ಕ್ರಮವು ಲೇಸು.

ಸೀಸೆಗೆ ತುಂಬಿದ ಮೇಲೆಯೂ ಈ ನಷ್ಟ ನಿಲ್ಲುವುದಿಲ್ಲ. ಬಿರಡೆಯ ಕೆಳಗೆ ಉಳಿದ ಗಾಳಿ, ಕೋಣೆಯ ಸೆಕೆ, ಬೆಳಕು, ಇವು ತಿಂಗಳುಗಟ್ಟಲೆ ತಮ್ಮ ಕೆಲಸವನ್ನು ನಡೆಸುತ್ತಲೇ ಇರುತ್ತವೆ. ಜೀವಸತ್ವವು ಮೊದಲು ಹೊಂದುವ ರೂಪಾಂತರವು ದೇಹಕ್ಕೆ ಇನ್ನೂ ಉಪಯುಕ್ತವೇ. ಅದನ್ನು ದಾಟಿದ ಮುಂದಿನ ಮಾರ್ಪಾಟಿನಿಂದ ಮಾತ್ರ ಮರಳಿ ಬರುವ ದಾರಿಯಿಲ್ಲ. ರುಚಿಯಲ್ಲಿ ಈ ಭೇದವು ತಿಳಿಯದು.

ಇದು ಕೇವಲ ಪ್ರಯೋಗಶಾಲೆಯ ಮಾತಲ್ಲ. ೨೦೦೪ರಲ್ಲಿ ನ್ಯೂಜಿಲೆಂಡಿನ ಇಬ್ಬರು ಶಾಲಾಬಾಲಕಿಯರು, ಹೆಸರುವಾಸಿಯಾದ ಬ್ಲ್ಯಾಕ್ ಕರಂಟ್ ಪಾನೀಯವೊಂದನ್ನು ಪರೀಕ್ಷಿಸಿ, ಅದರಲ್ಲಿ ಸಿ ಜೀವಸತ್ವವು ತೀರ ಅಲ್ಪವೆಂದು ಕಂಡರು. ಅದರ ಹಣ್ಣಿನಲ್ಲಿ ಕಿತ್ತಳೆಯ ನಾಲ್ಕರಷ್ಟು ಜೀವಸತ್ವವಿದೆಯೆಂದು ಜಾಹೀರಾತು ಸಾರುತ್ತಿತ್ತು. ಹಣ್ಣಿನ ಮಟ್ಟಿಗೆ ಅದು ಸುಳ್ಳಲ್ಲ; ಕುಡಿಯುವವನ ಮಟ್ಟಿಗೆ ಅದು ವಂಚನೆ. ೨೦೦೭ರಲ್ಲಿ ಆಕ್ಲೆಂಡಿನ ನ್ಯಾಯಾಲಯವು ತಯಾರಕರಿಗೆ ಎರಡು ಲಕ್ಷ ಡಾಲರಿಗೂ ಮೀರಿದ ದಂಡವನ್ನು ವಿಧಿಸಿತು.

ಹಾಗೆಂದು ಸೀಸೆಯ ರಸವೆಲ್ಲವೂ ವ್ಯರ್ಥವೆನ್ನಲಾಗದು. ಅದನ್ನು ತಂಪಾದ, ಕತ್ತಲಾದ ಸ್ಥಳದಲ್ಲಿರಿಸಬೇಕು. ಬಿರಡೆ ತೆರೆದ ಬಳಿಕ ಬೇಗ ಮುಗಿಸಬೇಕು. ಕೊಳ್ಳುವಾಗ ಚೀಟಿಯನ್ನು ಓದಿ, ಅದು ಹೇಳುವುದು ತೋಟದ ಹಣ್ಣಿನ ಗುಣವನ್ನೋ, ಕೈಯಲ್ಲಿರುವ ಸೀಸೆಯ ಗುಣವನ್ನೋ ಎಂದು ವಿವೇಚಿಸಬೇಕು. ಮಗುವಿನ ಒಡಲನ್ನು ಸೇರುವುದು ಎರಡನೆಯದೇ.