ಇನ್ಸುಲಿನ್ ಆರಂಭಿಸುವ ಮುನ್ನ ಸಿರಿಂಜ್ ನೋಡಿ

ಬೆಳುಗುಪ್ಪ: ಸಕ್ಕರೆ ಕಾಯಿಲೆಗೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟರೆ ಮೊದಲು ಬಾಟಲಿಯ ಮೇಲಿನ ಅಂಕಿ ಓದಿ. ಮಿಲಿಲೀಟರಿಗೆ 40 ಯೂನಿಟ್ ಇರುವ ಔಷಧಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಔಷಧವನ್ನು ಕಲ್ಯಾಣದುರ್ಗದಲ್ಲಿ, ಸಿರಿಂಜನ್ನು ಬಳ್ಳಾರಿಯಲ್ಲಿ ಕೊಂಡರೂ ಎರಡರ ಅಂಕಿ ಒಂದೇ ಇರಬೇಕು. 100ರ ಔಷಧವನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಮೈಗೆ ಹೋಗುತ್ತದೆ; ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ.

ಮೂತ್ರಪಿಂಡದ ತೊಂದರೆ, ಉಪವಾಸದ ರೂಢಿ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಚುಚ್ಚಿಕೊಂಡ ಮೇಲೆ ಬೆವರು, ನಡುಕ, ತಲೆಸುತ್ತು ಬಂದರೆ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ. ಆಂಧ್ರ, ಕರ್ನಾಟಕ ಎರಡೂ ಕಡೆ ಆಂಬುಲೆನ್ಸ್‌ಗೆ ಇದೇ ಸಂಖ್ಯೆ.