ಅಂಧೇರಿಯ ಮರಕ್ಕೆ ಎಷ್ಟು ಇಂಚಿನ ಬಾರ್?

ಕೊಂಬೆಯ ಮೇಲೆ ಕುಳಿತೇ ಆತ ಹಗ್ಗದ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಗುಲ್‌ಮೊಹರಿನ ಆ ಕೊಂಬೆಗೆ ಒಂದು ಸುತ್ತು ಸುತ್ತಿದ. ಹಗ್ಗ ಕೂಡಿದ ಜಾಗಕ್ಕೆ ಗಂಟು ಹಾಕಿಕೊಂಡು ಕೆಳಗಿಳಿದ. ಆ ಅಳತೆಯನ್ನು ಮೂರು ಮಡಿಕೆ ಮಾಡಿ ಮೆಷಿನ್ನಿನ ಬಾರ್‌ಗೆ ಹಿಡಿದು ನೋಡಿದ. ಮಡಿಕೆ 11 ಇಂಚು, ಬಾರ್ 14 ಇಂಚು. "ಬರೊಬ್ಬರಿ ಆತು" ಎಂದು ಮತ್ತೆ ಏಣಿಯತ್ತ ನಡೆದ.

ಅಂಧೇರಿ ಪಶ್ಚಿಮದ ವೀರಾ ದೇಸಾಯಿ ರಸ್ತೆಯ ಆಸುಪಾಸಿನಲ್ಲಿ, ನಮ್ಮ ಕರಾವಳಿಯವರ ಹಳೆಯ ಸಂಸ್ಥೆ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಬಹಳ ದೂರವಲ್ಲದ ಒಂದು ಸೊಸೈಟಿ ನಮ್ಮದು. ಮೇ ತಿಂಗಳು ಬಂತೆಂದರೆ ಇಲ್ಲಿ ಎಲ್ಲ ಗಲ್ಲಿಗಳಲ್ಲೂ ಚೈನ್‌ಸಾ ಸದ್ದು. ಮಳೆಗಾಲಕ್ಕೆ ಮುಂಚಿನ ಈ ಸವರುವ ಕೆಲಸಕ್ಕೆ ಮುಂಬೈಯಲ್ಲಿ ಎಲ್ಲರೂ ಹೇಳುವುದು ಮರಾಠಿಯ 'ಛಾಟಣಿ' ಎಂಬ ಮಾತನ್ನೇ. ಅಂದು ಬಂದವನು ಕಲಬುರಗಿ ಕಡೆಯವನು. ಟೆಂಪೊದಲ್ಲಿ 20 ಇಂಚಿನ ದೊಡ್ಡ ಮೆಷಿನ್ ಇದ್ದೂ ಸಣ್ಣದನ್ನು ತೆಗೆದುಕೊಂಡದ್ದನ್ನು ನೋಡಿ, ಬೇಗ ಮುಗಿಯಲೆಂದು ನಮ್ಮ ಸೆಕ್ರೆಟರಿ ದೊಡ್ಡದನ್ನೇ ಹೊರಗೆ ತೆಗೆಯಲು ಹೇಳಿದರು. ಆತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ಸಾಹೇಬ್ರ, ದೊಡ್ಡ ಬಾರ್ ಬುಡಕ್ಕ ಬೇಕ್ರಿ. ಮ್ಯಾಲ ಹತ್ತಾಂವನ ಕೈಯಾಗ ಸಣ್ಣದ ಇರಬೇಕು."

ಮರ ಸವರುವ ಕಸುಬಿನ ಮೊದಲ ಪಾಠ ಇದು. ಮೆಷಿನ್ನಿನಿಂದ ಮುಂದಕ್ಕೆ ಚಾಚಿರುವ ಉಕ್ಕಿನ ಪಟ್ಟಿಯೇ ಬಾರ್. ಅದರ ಅಂಚಿನ ಸೀಳಿನಲ್ಲಿ ಹಲ್ಲಿನ ಚೈನ್ ಓಡುತ್ತದೆ. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಹೋಗುತ್ತದೆ, ಅಂದರೆ ಗಂಟೆಗೆ 72 ಕಿಲೋಮೀಟರ್. ಬಾರ್‌ನ ಉದ್ದವೆಂದು ಹೇಳುವುದು ಇಡೀ ಪಟ್ಟಿಯ ಉದ್ದವನ್ನಲ್ಲ. ಮೆಷಿನ್ನಿನ ಮೈಯಿಂದ ಪಟ್ಟಿ ಹೊರಬರುವ ಜಾಗದಿಂದ ಮೂತಿಯವರೆಗಿನ ಅಳತೆಯನ್ನು. ಉಳಿದ ಭಾಗ ಮುಚ್ಚಳದೊಳಗೆ ಬೋಲ್ಟಿಗೆ ಸಿಕ್ಕಿಕೊಂಡಿರುತ್ತದೆ. ಬಿಚ್ಚಿದ ಬಾರನ್ನು ಟೇಪು ಹಿಡಿದು ಅಳೆದು ಅಂಗಡಿಗೆ ಹೋದವರಿಗೆ ಬೇರೆಯದೇ ಅಳತೆಯ ಬಾರ್ ಸಿಗುವುದು ಇದೇ ಕಾರಣಕ್ಕೆ.

ಕಸುಬಿನವರ ಲೆಕ್ಕ ಸರಳ. ಕಡಿಯಬೇಕಾದ ಮರದ ದಪ್ಪಕ್ಕಿಂತ ಬಾರ್ ಎರಡು ಇಂಚಾದರೂ ಹೆಚ್ಚಿರಬೇಕು. ದಪ್ಪ ಗೊತ್ತಾಗುವುದು ಹಗ್ಗದಿಂದ. ಶಾಲೆಯಲ್ಲಿ ಕಲಿತ ಪ್ರಕಾರ ಸುತ್ತಳತೆಯನ್ನು 3.14ರಿಂದ ಭಾಗಿಸಬೇಕು, ಹಗ್ಗವನ್ನು ಮೂರು ಮಡಿಕೆ ಮಾಡುವವನು ಬರೀ 3ರಿಂದ ಭಾಗಿಸುತ್ತಾನೆ. ಹಾಗಾಗಿ 66 ಇಂಚು ಸುತ್ತಳತೆಯ ಬೊಡ್ಡೆ ನಿಜದಲ್ಲಿ 21 ಇಂಚು ದಪ್ಪವಿದ್ದರೆ ಹಗ್ಗ 22 ಎನ್ನುತ್ತದೆ. ಆ ಒಂದಿಂಚು ಕೆಲಸಗಾರನನ್ನು ಕಾಯುವ ಒಂದಿಂಚು. ಈ ಮೂರು ಮಡಿಕೆಯ ಉಪಾಯ ನನಗೆ ತುಂಬ ಹಿಡಿಸಿತು.

ಬಾರ್‌ಗಿಂತ ದಪ್ಪದ ಬೊಡ್ಡೆಯನ್ನು ಕಡಿಯಲು ಆಗುವುದೇ ಇಲ್ಲವೆಂದಲ್ಲ. ಎರಡೂ ಬದಿಯಿಂದ ಕೊಯ್ದು ನಡುವೆ ಕೂಡಿಸುವ ರೂಢಿಯಿದೆ. 16 ಇಂಚಿನ ಬಾರ್‌ನಲ್ಲಿ 28 ಇಂಚಿನ ಬೊಡ್ಡೆಯನ್ನೂ ಪಳಗಿದ ಕೈ ಕೊಯ್ಯುತ್ತದೆ. ಆದರೆ ಎರಡು ಕೊಯ್ತಗಳು ಒಂದೇ ಮಟ್ಟದಲ್ಲಿ ಕೂಡಬೇಕು, ಮರದ ಭಾರ ಯಾವ ಕಡೆಗೆ ವಾಲಿದೆ ಎಂಬುದು ಕಣ್ಣಿಗೆ ಕಾಣಬೇಕು. ಹೊಸಬರು ಇದಕ್ಕೆ ಕೈ ಹಾಕಬಾರದು.

ಹಾಗಾದರೆ ಎಲ್ಲದಕ್ಕೂ ಉದ್ದದ ಬಾರನ್ನೇ ಹಾಕಿಟ್ಟರೆ ಆಗದೆ? ಆಗದು. ಎಂಜಿನ್ನಿನ ಶಕ್ತಿ ಅಡ್ಡ ಬರುತ್ತದೆ. ಮರದೊಳಗೆ ಬಾರ್ ಹೆಚ್ಚು ಹೊಕ್ಕಷ್ಟೂ ಏಕಕಾಲಕ್ಕೆ ಕಚ್ಚುವ ಹಲ್ಲುಗಳು ಹೆಚ್ಚು, ಪ್ರತಿ ಹಲ್ಲೂ ಎಂಜಿನ್ನಿನಿಂದ ಬಲ ಕೇಳುತ್ತದೆ. ಸಾಮಾನ್ಯವಾಗಿ 30ರಿಂದ 40 ಸಿಸಿಯ ಮೆಷಿನ್ನಿಗೆ 12ರಿಂದ 16 ಇಂಚು, 45ರಿಂದ 55 ಸಿಸಿಗೆ 16ರಿಂದ 18, ಹೆಚ್ಚೆಂದರೆ 20. ಅದಕ್ಕಿಂತ ಉದ್ದ ಬೇಕಾದವರು 60, 70 ಸಿಸಿಯ ಮೆಷಿನ್ನಿಗೆ ಹೋಗಬೇಕು. ಎಣ್ಣೆಯ ಲೆಕ್ಕವೂ ಇದೆ. ಬಾರ್‌ನ ಸೀಳಿಗೆ ಎಣ್ಣೆ ಹಾಯಿಸುವ ಪುಟ್ಟ ಪಂಪನ್ನು ಇಷ್ಟೇ ಉದ್ದಕ್ಕೆಂದು ಕೂರಿಸಿರುತ್ತಾರೆ. ಬಾರ್ ಉದ್ದವಾದರೆ ಮೂತಿಯವರೆಗೆ ಎಣ್ಣೆ ಮುಟ್ಟುವುದಿಲ್ಲ.

ಇದನ್ನು ನಾವು ಅನುಭವಿಸಿ ತಿಳಿದಿದ್ದೇವೆ. ಹಿಂದಿನ ವರ್ಷ ಕರೆಸಿದ್ದ ಒಬ್ಬ ಗುತ್ತಿಗೆದಾರ ಸಣ್ಣ ಎಂಜಿನ್ನಿಗೆ ಉದ್ದನೆಯ ಬಾರ್ ಹಾಕಿಕೊಂಡು ಬಂದಿದ್ದ. ಕೊಂಬೆಯೊಳಗೆ ಅರ್ಧ ಹೋಗುವಷ್ಟರಲ್ಲಿ ಚೈನ್ ನಿಧಾನವಾಯಿತು, ಸುಟ್ಟ ಎಣ್ಣೆಯ ವಾಸನೆ ಬಂತು, ಬಾರ್ ಸಿಕ್ಕಿಕೊಂಡಿತು. ಎಳೆದಾಡುವಾಗ ಕೊಂಬೆ ತನ್ನ ಭಾರಕ್ಕೇ ಮುರಿದು, ಬೊಡ್ಡೆಯ ತೊಗಟೆಯನ್ನು ಮೂರಡಿ ಉದ್ದಕ್ಕೆ ಸುಲಿದುಕೊಂಡು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮರಕ್ಕಾದ ಆ ಗಾಯ ಇವತ್ತಿಗೂ ಮುಚ್ಚಿಲ್ಲ. ಅದರೊಳಗೆ ನೀರು ಇಳಿಯುವುದನ್ನು ನಾನು ಬಾಲ್ಕನಿಯಿಂದ ನೋಡುತ್ತೇನೆ.

ಈ ಬಾರಿ ಕಲಬುರಗಿಯವನು ಮಾಡಿದ ಕೆಲಸ ಬೇರೆಯೇ ಇತ್ತು. ಕೊಂಬೆಗೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಬೊಡ್ಡೆಗೆ ಎರಡು ಸುತ್ತು ಹಾಕಿ ಕೆಳಗಿನವನ ಕೈಗೆ ಕೊಟ್ಟ. ಬೊಡ್ಡೆಯಿಂದ ಒಂದಡಿ ಆಚೆ, ಮೊದಲು ಅಡಿಯಿಂದ ಕಾಲು ಭಾಗ ಕೊಯ್ದ. ಆಮೇಲೆ ಅದರಿಂದ ಇನ್ನೂ ಒಂದೆರಡು ಇಂಚು ಹೊರಗೆ ಮೇಲಿಂದ ಕೊಯ್ದ. ಕೊಂಬೆ ಲಟ್ಟೆಂದು ಮುರಿದು ಹಗ್ಗದಲ್ಲಿ ತೂಗಿತು, ನಿಲ್ಲಿಸಿದ್ದ ಕಾರುಗಳ ನಡುವೆ ಮೆಲ್ಲಗೆ ಇಳಿಯಿತು. ತೊಗಟೆಯ ಸುಲಿತ ಅಡಿಯ ಕೊಯ್ತದ ಹತ್ತಿರ ಬಂದು ನಿಂತಿತ್ತು. ಉಳಿದ ಮೋಟನ್ನು ಕೊನೆಗೆ, ಕೊಂಬೆ ಬೊಡ್ಡೆಗೆ ಕೂಡುವಲ್ಲಿನ ಉಬ್ಬನ್ನು ಉಳಿಸಿ ತೆಗೆದ. ಆ ಉಬ್ಬಿನಿಂದಲೇ ಮರ ತನ್ನ ಗಾಯವನ್ನು ಮುಚ್ಚಿಕೊಳ್ಳುವುದು. ಇಡೀ ಕೆಲಸದಲ್ಲಿ ಬಾರ್‌ನ ಮೂತಿ ಎಲ್ಲಿದೆ ಎಂಬುದನ್ನು ಅವನ ಕಣ್ಣು ಬಿಡಲಿಲ್ಲ.

ಮೂತಿಯ ಮೇಲರ್ಧ ಗಟ್ಟಿಯಾದ ಏನನ್ನಾದರೂ ತಾಗಿತೋ, ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತ ಒದೆಯುತ್ತದೆ. ಚೈನ್‌ಸಾ ಗಾಯಗಳಲ್ಲಿ ಭೀಕರವಾದವು ಈ ಒದೆತದಿಂದ ಆಗುವಂಥವು. ಬಾರ್ ಉದ್ದವಾದಷ್ಟೂ ಮೂತಿ ಕಣ್ಣಳವಿನಿಂದ ಆಚೆ ಹೋಗುತ್ತದೆ. ಎಲೆ ದಟ್ಟವಾಗಿರುವ ಕಡೆ ಹಿಂದಿನ ಕೊಂಬೆಗೆ ತಾಗಿದ್ದು ಗೊತ್ತೇ ಆಗುವುದಿಲ್ಲ. ಮರದ ಮೇಲೆ ಕುಳಿತವನಿಗೆ 12, 14 ಇಂಚು ಸಾಕು ಎನ್ನುವುದು ಇದಕ್ಕೇ. ಹಿಡಿ ಮೇಲ್ಭಾಗದಲ್ಲಿರುವ, ಹತ್ತುವವರಿಗೆಂದೇ ಮಾಡಿದ ಮೆಷಿನ್ನುಗಳಿಗೆ ಸಾಮಾನ್ಯವಾಗಿ ಈ ಅಳತೆಯ ಬಾರ್ ಬರುತ್ತದೆ. ಒದೆತ ಬಂದೊಡನೆ ಚೈನನ್ನು ತಡೆದು ನಿಲ್ಲಿಸುವ ಬ್ರೇಕ್ 1970ರ ದಶಕದಲ್ಲಿ ಬಂತು. ಅದಿಲ್ಲದ, ಅಥವಾ ಅದು ಕೆಟ್ಟಿರುವ ಮೆಷಿನ್ನನ್ನು ಸೊಸೈಟಿಯ ಗೇಟಿನೊಳಕ್ಕೇ ಬಿಡಬಾರದು.

ಬಾರ್ ಬದಲಿಸುವವರು ಇಂಚು ಒಂದನ್ನೇ ನೋಡಿದರೆ ಸಾಲದು. ಬಾರ್‌ನ ಹಿಂಬದಿಯಲ್ಲಿ ಕೆಲವು ಅಂಕಿಗಳನ್ನು ಕೆತ್ತಿರುತ್ತಾರೆ. ಒಂದು ಪಿಚ್: ಚೈನ್‌ನ ಸಾಲಾಗಿ ಬರುವ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ. ಇನ್ನೊಂದು ಗೇಜ್: ಸೀಳಿನ ಅಗಲ. ಮತ್ತೊಂದು, ಸೀಳಿನೊಳಗೆ ಇಳಿಯುವ ಡ್ರೈವ್ ಲಿಂಕ್‌ಗಳ ಎಣಿಕೆ. ಒಂದೇ 16 ಇಂಚಿನ ಬಾರ್ ಒಂದು ಕಂಪನಿಯದಾದರೆ 55 ಲಿಂಕ್, ಇನ್ನೊಂದರದಾದರೆ 56. ಒಂದು ಲಿಂಕ್ ಹೆಚ್ಚುಕಡಿಮೆಯಾದರೂ ಚೈನ್ ಸರಿಯಾಗಿ ಕೂರುವುದಿಲ್ಲ. ಹಳೆಯ ಚೈನನ್ನೇ ಅಂಗಡಿಗೆ ಒಯ್ದು ಎಣಿಸಿ ತರುವುದು ಒಳ್ಳೆಯದು.

ಈ ಯಂತ್ರದ ಮೊದಲ ರೂಪ ಹುಟ್ಟಿದ್ದು ಕಾಡಿನಲ್ಲಲ್ಲ. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಕಷ್ಟದ ಹೆರಿಗೆಯಲ್ಲಿ ಮೂಳೆ ಕೊಯ್ಯಲೆಂದು ಹಲ್ಲಿನ ಸರಪಳಿಯನ್ನು ಬಳಸಿದರು. ಮರಕ್ಕೆ ಅದು ಬಂದದ್ದು ಎಷ್ಟೋ ಕಾಲದ ನಂತರ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ಓಡುವ ಗರಗಸ ಮಾಡಿದ. ತೂಕ 48 ಕಿಲೋ, ಹಿಡಿಯಲು ಇಬ್ಬರು ಬೇಕು. 1929ರಲ್ಲಿ ಪೆಟ್ರೋಲಿನದು, 1950ರಲ್ಲಿ ಒಬ್ಬನೇ ಹಿಡಿಯಬಹುದಾದದ್ದು. ಇಂದಿನ ಹಲ್ಲಿನ ಆಕಾರಕ್ಕೆ ಕಾರಣ ಒಂದು ಹುಳು. 1946ರಲ್ಲಿ ಅಮೆರಿಕದ ಆರೆಗನ್ನಿನ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವ, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಮುಂದೆ ಹೋಗುವುದನ್ನು ಕಂಡು, ಎಡಬಲ ಬಾಗಿದ ಹಲ್ಲುಗಳ ಚೈನ್ ಮಾಡಿದ. ನಮ್ಮ ಮಲೆನಾಡಿನಲ್ಲಿ ದಿಮ್ಮಿಯ ಮೇಲೊಬ್ಬ, ಗುಂಡಿಯೊಳಗೊಬ್ಬ ನಿಂತು ದಿನವಿಡೀ ಎಳೆಯುತ್ತಿದ್ದ ಗರಗಸದ ಕೆಲಸವನ್ನು ಈ ಹಲ್ಲು ನಿಮಿಷಗಳಿಗೆ ಇಳಿಸಿತು.

ಅಂಧೇರಿಯ ಮರಗಳು ಈ ಹಲ್ಲಿಗೆ ಒಡ್ಡುವ ಸವಾಲುಗಳೇ ಬೇರೆ. ಗುಲ್‌ಮೊಹರ್ ಮೆದು, ಬೇಗ ಸೀಳುತ್ತದೆ, ಒಳಗೆ ಪೊಳ್ಳಾಗಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಮಳೆಮರದ ಬೊಡ್ಡೆಯನ್ನು ಇಬ್ಬರು ತಬ್ಬಬೇಕು, ಕೊಂಬೆಗಳು ರಸ್ತೆಯ ಆಚೆ ಬದಿಗೂ ಚಾಚಿರುತ್ತವೆ. ತೆಂಗಿನ ನಾರು ಮುಚ್ಚಳದೊಳಗೆ ಸುತ್ತಿಕೊಂಡು ಚೈನನ್ನೇ ಕಟ್ಟಿಹಾಕುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೊಳೆ. ಬೋರ್ಡು, ಬ್ಯಾನರು, ದೀಪದ ಮಾಲೆಗೆಂದು ಹೊಡೆದ ಮೊಳೆಯ ಮೇಲೆ ತೊಗಟೆ ಬೆಳೆದು ಮುಚ್ಚಿರುತ್ತದೆ. ಚೈನ್ ತಾಗಿದಾಗ ಕಿಡಿ ಹಾರುತ್ತದೆ, ಹತ್ತಾರು ಹಲ್ಲುಗಳು ಮೊಂಡಾಗುತ್ತವೆ. ಆಗ ಕೆಲಸ ನಿಲ್ಲಿಸಿ ದುಂಡು ಅರ ಹಿಡಿದು ಒಂದೊಂದೇ ಹಲ್ಲನ್ನು ಹರಿತ ಮಾಡಬೇಕು. ಮರದ ಚೂರುಗಳು ಹಾರುತ್ತಿದ್ದರೆ ಹಲ್ಲು ಹರಿತವಾಗಿದೆ, ಹಿಟ್ಟಿನಂಥ ಪುಡಿ ಉದುರಿದರೆ ಮೊಂಡಾಗಿದೆ. ಬಾರ್ ಉದ್ದವಾದಷ್ಟೂ ಅರ ಹಾಕಬೇಕಾದ ಹಲ್ಲುಗಳೂ ಹೆಚ್ಚು.

ಛಾಟಣಿ ಬೇಡವೆಂದು ಹೇಳಲು ನನಗೆ ಧೈರ್ಯವಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬೈಯ ಪಕ್ಕದಿಂದ ಹಾದುಹೋದಾಗ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಮಹಾನಗರಪಾಲಿಕೆಯ ಎಣಿಕೆಯಲ್ಲಿ ಮುಂಬೈಯಲ್ಲಿರುವ ಮರಗಳು 29.75 ಲಕ್ಷ, ಅದರಲ್ಲಿ ಅರ್ಧಕ್ಕೂ ಹೆಚ್ಚು ನಮ್ಮಂಥ ಸೊಸೈಟಿಗಳೂ ಸೇರಿದ ಖಾಸಗಿ ಆವರಣಗಳಲ್ಲಿವೆ. ಅವುಗಳ ಕೊಂಬೆ ಸವರಿಸುವ ಹೊಣೆ ನಮ್ಮದೇ. ಆದರೆ ಸವರುವುದು ಬೇರೆ, ಬೋಳಿಸುವುದು ಬೇರೆ. ಉದ್ದದ ಬಾರ್ ಕೈಯಲ್ಲಿದ್ದರೆ ದಪ್ಪ ಕೊಂಬೆಗಳನ್ನೇ ಬುಡದಿಂದ ತೆಗೆದು ಕೆಲಸ ಬೇಗ ಮುಗಿಸುವ ಆಸೆ ಹುಟ್ಟುತ್ತದೆ. ಒಂದೇ ಕಡೆ ಬೋಳಿಸಿದ ಮರ ಮೊದಲ ಗಾಳಿಗೆ ಇನ್ನೊಂದು ಕಡೆ ವಾಲುತ್ತದೆ.

ಈ ಯಂತ್ರದ ವೇಗ ಎಂಥದ್ದೆಂದು ಅಂಧೇರಿಯ ಪಕ್ಕದ ಆರೆ ಕಾಲೊನಿ ಕಂಡಿದೆ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅಲ್ಲಿನ ಮರ ಕಡಿತದ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಮೆಟ್ರೊ ಕಾರ್‌ಶೆಡ್ಡಿಗಾಗಿ ಕಡಿತ ಶುರುವಾಯಿತು. 7ರಂದು ಸುಪ್ರೀಂ ಕೋರ್ಟ್ ತಡೆ ನೀಡುವ ಹೊತ್ತಿಗೆ 2,141 ಮರಗಳು ಹೋಗಿದ್ದವು. ಕೈಗರಗಸದ ಕಾಲದಲ್ಲಾಗಿದ್ದರೆ ಕೋರ್ಟಿನ ಆದೇಶ ಅರ್ಧದಷ್ಟು ಮರಗಳನ್ನಾದರೂ ಉಳಿಸುತ್ತಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಅಂಗಳದ ಮರಕ್ಕೂ ಅನುಮತಿಯಿಲ್ಲದೆ ಗರಗಸ ಹಚ್ಚುವಂತಿಲ್ಲ. 2021ರ ತಿದ್ದುಪಡಿಯಿಂದ 50 ವರ್ಷ ದಾಟಿದ ಮರಗಳು ಪಾರಂಪರಿಕ ಮರಗಳಾಗಿವೆ. ಅಂಧೇರಿ ಪಶ್ಚಿಮದವರು ಸ್ಟೇಷನ್ನಿನ ಬಳಿಯ ಕೆ-ವೆಸ್ಟ್ ವಾರ್ಡ್ ಕಚೇರಿಯ ಉದ್ಯಾನ ವಿಭಾಗದಲ್ಲಿ ಅರ್ಜಿ ಕೊಡಬೇಕು. ಏಪ್ರಿಲ್‌ವರೆಗೆ ಕಾಯದೆ ಚಳಿಗಾಲದಲ್ಲೇ ಕೊಡಿ. ಮೆಷಿನ್ ಬಂದ ದಿನ ಸೆಕ್ರೆಟರಿಯೋ ನೀವೋ ಒಬ್ಬರು ಕೆಳಗಿಳಿದು ನಿಂತಿರಿ. ಹಗ್ಗ ತರಿಸಿ, ಕೊಂಬೆಗೆ ಸುತ್ತಿಸಿ, ಮೂರು ಮಡಿಕೆ ಮಾಡಿಸಿ, ಬಾರ್‌ಗೆ ಹಿಡಿದು ನೋಡಿದ ಮೇಲೆಯೇ ಎಂಜಿನ್ ಶುರು ಮಾಡಲು ಹೇಳಿ.